ಸಾಮಂತಚೂಡಾಮಣಿ ಅರಿಕೇಸರಿ

ನಾಗಪುರದ ಸದರ್ ಭಾಗದಿಂದ ಈಶಾನ್ಯಕ್ಕೆ ರಾಮಟೇಕದ ದಾರಿ ಹಿಡಿದು ಸುಮಾರು 40 ಕಿಲೋಮೀಟರು ಸಾಗಿದರೆ ನಗರ್‌ಧನ್ ಎಂಬ ಊರು ಸಿಗುತ್ತದೆ. ವಾಕಾಟಕರ ಕಾಲದಲ್ಲಿ ರಾಜಧಾನಿಯಾಗಿದ್ದ ನಂದಿವರ್ಧನವೇ ಇದೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಹತ್ತನೆಯ ಶತಮಾನದಲ್ಲಿ ಈ ಪ್ರದೇಶವು ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆಗೆ ಸೇರಿದ್ದಿತು. ಶಕವರ್ಷ 862ರಲ್ಲಿ, ಎಂದರೆ ಕ್ರಿ.ಶ. 940ರಲ್ಲಿ, ಮೂರನೆಯ ಕೃಷ್ಣನು ತನ್ನ ಸಹೋದರ ಜಗತ್ತುಂಗನ ಪುಣ್ಯಾರ್ಥವಾಗಿ ನಾಗಪುರ-ನಂದಿವರ್ಧನ ವಿಷಯದ ಗ್ರಾಮವೊಂದನ್ನು ಬ್ರಾಹ್ಮಣನಿಗೆ ದತ್ತಿಯಾಗಿ ಬಿಟ್ಟನು. ಆ ದತ್ತಿಯ ತಾಮ್ರಪಟಗಳು ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತವು, ಆರ್.ಜಿ. ಭಂಡಾರಕರರು ಅವನ್ನು ಸಂಪಾದಿಸಿ ಪ್ರಕಟಿಸಿದರು. ನಾಗಪುರವೆಂಬ ಹೆಸರು ಕಾಣಿಸಿಕೊಳ್ಳುವ ಹಳೆಯ ದಾಖಲೆಗಳಲ್ಲಿ ಇದೂ ಒಂದೆಂಬ ಕಾರಣದಿಂದ ವಿದರ್ಭದವರಿಗೆ ಅದು ಮುಖ್ಯ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದು ಮುಖ್ಯವಾಗುವುದು ಬೇರೆಯ ಕಾರಣಕ್ಕೆ.

ರಾಷ್ಟ್ರಕೂಟ ವಂಶಾವಳಿಯನ್ನು ಹೇಳುವ ಭಾಗದಲ್ಲಿ ಆ ಶಾಸನವು ನಾಲ್ಕನೆಯ ಗೋವಿಂದನ ವಿಷಯಕ್ಕೆ ಬಂದಾಗ ಅವನು ಸ್ತ್ರೀಯರ ನೋಟದ ಪಾಶಕ್ಕೆ ಸಿಲುಕಿ, ಎಲ್ಲರ ವಿರೋಧವನ್ನು ಕಟ್ಟಿಕೊಂಡು ನಾಶವಾದನೆಂದು ತಿಳಿಸುತ್ತದೆ. ಅವನ ತರುವಾಯ ರಟ್ಟರ ರಾಜ್ಯದ ಘನತೆಯನ್ನು ಉಳಿಸಬೇಕೆಂದು ಸಾಮಂತರು ಪ್ರಾರ್ಥಿಸಿಕೊಂಡದ್ದರಿಂದ ಕೃಷ್ಣನ ತಂದೆಯಾದ ಮೂರನೆಯ ಅಮೋಘವರ್ಷನು ಸಿಂಹಾಸನವನ್ನೇರಿದನೆಂದೂ ಹೇಳುತ್ತದೆ. ಪ್ರಾರ್ಥಿಸಿದ ಆ ಸಾಮಂತರು ಯಾರು? ದೇವಳಿಯ ತಾಮ್ರಪಟ ಒಬ್ಬನ ಹೆಸರನ್ನೂ ಎತ್ತುವುದಿಲ್ಲ. ಚಕ್ರವರ್ತಿಯ ಆಸ್ಥಾನದಲ್ಲಿ ಸಿದ್ಧವಾದ ಪ್ರಶಸ್ತಿಯಲ್ಲಿ ಚಕ್ರವರ್ತಿಪದವಿಯನ್ನು ಕೊಡಿಸಿದವನ ಹೆಸರು ಬರದಿರುವುದು ಸಹಜವೇ. ಆ ಹೆಸರು ಇರುವುದು ಕನ್ನಡದ ಮಹಾಕಾವ್ಯವೊಂದರ ನಡುವೆ ಬರುವ ಗದ್ಯಖಂಡದಲ್ಲಿ. ಅವನು ವೇಮುಲವಾಡದ ಚಾಲುಕ್ಯ ಅರಿಕೇಸರಿ. ಪಂಪನ ಆಶ್ರಯದಾತ, ವಿಕ್ರಮಾರ್ಜುನವಿಜಯದ ಕಥಾನಾಯಕ.

ಅರಿಕೇಸರಿಯ ಮನೆತನವು ಎರಡು ಶತಮಾನಗಳಷ್ಟು ಕಾಲ ರಾಷ್ಟ್ರಕೂಟರ ಅಧೀನದಲ್ಲಿ ಬಾಳಿದ ಒಂದು ಸಾಮಂತ ಸಂಸ್ಥಾನ. ಕುಲದಿಂದ ಅವರು ಚಾಲುಕ್ಯರು. ಬಾದಾಮಿಯ ಚಾಲುಕ್ಯರನ್ನು ಕಿತ್ತೊಗೆದು ರಾಜ್ಯ ಕಟ್ಟಿದ ರಾಷ್ಟ್ರಕೂಟರ ಕೈಕೆಳಗೆ ಅದೇ ಚಾಲುಕ್ಯ ಹೆಸರಿನ ಮನೆತನವೊಂದು ನಿಷ್ಠೆಯಿಂದ ದುಡಿದದ್ದು ಇತಿಹಾಸದ ವೈಚಿತ್ರ್ಯಗಳಲ್ಲೊಂದು. ಅವರು ಆಳಿದ ನಾಡಿಗೆ ಸಪಾದಲಕ್ಷ ಎಂಬ ಹೆಸರಿದ್ದಿತು. ಮೊದಲು ಬೋದನ, ಎಂದರೆ ಇಂದಿನ ನಿಜಾಮಾಬಾದ್ ಜಿಲ್ಲೆಯ ಬೋಧನ್, ಅವರ ನೆಲೆಯಾಗಿದ್ದು ಆಮೇಲೆ ವೇಮುಲವಾಡ ರಾಜಧಾನಿಯಾಯಿತು. ಲೆಂಬುಳಪಾಟಕವೆಂದು ಶಾಸನಗಳು ಕರೆಯುವ ಈ ಊರು ಈಗ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಸೇರಿದೆ. ರಾಜರಾಜೇಶ್ವರನ ಯಾತ್ರಾಸ್ಥಳವೆಂದು ಪ್ರಸಿದ್ಧವಾಗಿದೆ. ಕವಿರಾಜಮಾರ್ಗವು ಕನ್ನಡನಾಡಿಗೆ ಗೋದಾವರಿಯನ್ನು ಉತ್ತರದ ಗಡಿಯಾಗಿ ಹೇಳಿರುವುದನ್ನು ನೆನೆದರೆ ಗೋದಾವರಿಯ ದಕ್ಷಿಣಕ್ಕಿರುವ ಈ ನಾಡಿನಲ್ಲಿ ಕನ್ನಡ ಕಾವ್ಯ ಹುಟ್ಟಿದ್ದು ಅಚ್ಚರಿಯೆನಿಸದು. ತೆಲುಗು ಮಾತಾಡುವ ಜನರ ನಡುವೆ ಕನ್ನಡವನ್ನೂ ಸಂಸ್ಕೃತವನ್ನೂ ಆದರಿಸಿದ ಆಸ್ಥಾನ ಅದು.

ಮನೆತನದ ಮೂಲಪುರುಷರಲ್ಲಿ ಮೊದಲನೆಯ ಯುದ್ಧಮಲ್ಲನ ವಿಷಯದಲ್ಲಿ ಒಂದು ಸಂಗತಿ ನೆನಪಿನಲ್ಲಿ ಉಳಿಯುವಂಥದು: ಬೋದನದಲ್ಲಿ ಎಣ್ಣೆ ತುಂಬಿದ ಬಾವಿಯಲ್ಲಿ ಅವನು ಐನೂರು ಆನೆಗಳಿಗೆ ಮಜ್ಜನ ಮಾಡಿಸುತ್ತಿದ್ದನಂತೆ. ಅತಿಶಯೋಕ್ತಿಯನ್ನು ಕಳೆದರೂ ಆನೆಯ ಬಲವೇ ಈ ಮನೆತನದ ಬಲವೆಂಬುದು ಇದರಿಂದ ತಿಳಿಯುತ್ತದೆ. ಅವನ ಮಗ ಮೊದಲನೆಯ ಅರಿಕೇಸರಿ ರಾಷ್ಟ್ರಕೂಟ ಧ್ರುವ ನಿರುಪಮನ ಕಾಲದಲ್ಲಿ ವೇಂಗಿ ಮತ್ತು ತ್ರಿಕಳಿಂಗಗಳ ಮೇಲೆ ನಡೆದ ದಂಡಯಾತ್ರೆಯಲ್ಲಿ ಹೆಸರು ಗಳಿಸಿದನು. ಮುಂದಿನ ಒಂದೆರಡು ತಲೆಮಾರುಗಳಲ್ಲಿ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ಅನಂತರ ಬಂದ ಬದ್ದೆಗನು ನಲವತ್ತೆರಡು ಕಾಳಗಗಳಲ್ಲಿ ಗೆದ್ದು ಸೋಲದ ಗಂಡನೆಂಬ ಬಿರುದನ್ನು ಪಡೆದವನು. ಭೀಮನೆಂಬ ಅರಸನನ್ನು ನೀರಿನಲ್ಲಿ ಮೊಸಳೆಯನ್ನು ಹಿಡಿವಂತೆ ಹಿಡಿದವನೆಂದು ಕೀರ್ತಿತನಾದವನು. ಅವನ ಮಗ ಮೂರನೆಯ ಯುದ್ಧಮಲ್ಲ; ಮೊಮ್ಮಗ ಎರಡನೆಯ ನರಸಿಂಹ.

ನರಸಿಂಹನೊಂದಿಗೆ ಈ ಸಂಸ್ಥಾನದ ಇತಿಹಾಸ ಸಾಮ್ರಾಜ್ಯದ ಇತಿಹಾಸದೊಡನೆ ಬೆರೆಯುತ್ತದೆ. ಮೂರನೆಯ ಇಂದ್ರನು ಕನ್ನೌಜಿನ ಮೇಲೆ ದಂಡೆತ್ತಿ ಹೋದಾಗ, ಎಂದರೆ ಸುಮಾರು 916ರ ಹೊತ್ತಿಗೆ, ರಾಷ್ಟ್ರಕೂಟ ಸೇನೆಯ ಮುಂಚೂಣಿಯಲ್ಲಿ ಇದ್ದವನು ನರಸಿಂಹ. ಲಾಟರನ್ನೂ ಮಾಳವರನ್ನೂ ಗೆದ್ದು, ಗುರ್ಜರ ಪ್ರತೀಹಾರ ಮಹೀಪಾಲನನ್ನು ಬೆನ್ನಟ್ಟಿ, ತನ್ನ ಕುದುರೆಗಳನ್ನು ಗಂಗೆಯಲ್ಲಿ ಮೀಯಿಸಿದನೆಂದು ಪಂಪ ಹೇಳುತ್ತಾನೆ. ರಾಷ್ಟ್ರಕೂಟರ ಸ್ವಂತ ಶಾಸನಗಳು ಈ ಯಾತ್ರೆಯ ಯಶಸ್ಸನ್ನೆಲ್ಲ ಇಂದ್ರನಿಗೇ ಸಲ್ಲಿಸುತ್ತವೆ. ಕುದುರೆಯ ಮೇಲೆ ಕುಳಿತು ಗಂಗೆಯವರೆಗೂ ಹೋದ ಸಾಮಂತನನ್ನು ನೆನೆದದ್ದು ಅವನ ಮಗನ ಕವಿ ಮಾತ್ರ. ಪಂಪಭಾರತದ ಪೀಠಿಕೆಯನ್ನು ಬರಿಯ ಹೊಗಳಿಕೆಯೆಂದು ಬದಿಗಿರಿಸುವವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ನರಸಿಂಹ ಮತ್ತು ಜಾಕವ್ವೆಯರ ಮಗನಾಗಿ ಎರಡನೆಯ ಅರಿಕೇಸರಿ ಜನಿಸಿದನು. ಅವನ ಮದುವೆಯಾದದ್ದು ರಾಷ್ಟ್ರಕೂಟ ಮನೆತನದಲ್ಲಿ. ಇಂದ್ರನ ಮಗಳು ರೇವಕನಿರ್ಮಡಿ ಅವನ ರಾಣಿ; ಲೋಕಾಂಬಿಕೆಯೆಂಬ ಮತ್ತೊಬ್ಬ ರಾಣಿಯೂ ಇದ್ದಳು. ಗಂಗೆಯ ಯಾತ್ರೆಯಲ್ಲಿ ತಂದೆ ಮಾಡಿದ ಸೇವೆಗೆ ಮಗನಿಗೆ ದೊರೆತ ಮನ್ನಣೆ ಇದಾಗಿರಬಹುದು. ಅದೇನೇ ಇರಲಿ, ಈ ವಿವಾಹದಿಂದ ಅರಿಕೇಸರಿಯು ಚಕ್ರವರ್ತಿಯ ಅಳಿಯನಾದನು; ಇಂದ್ರನ ಮಕ್ಕಳಿಗೆ ಭಾವನಾದನು. ಮುಂದೆ ನಡೆದುದರ ಗಾಂಭೀರ್ಯವು ಈ ನಂಟಿನ ಹಿನ್ನೆಲೆಯಲ್ಲಿಯೇ ಅರ್ಥವಾಗತಕ್ಕುದು.

ಇಂದ್ರನ ಮರಣಾನಂತರ ಹಿರಿಯ ಮಗ ಎರಡನೆಯ ಅಮೋಘವರ್ಷನು ಅಲ್ಪಕಾಲ ಆಳಿ ತೀರಿಕೊಂಡನು. ಸುಮಾರು 930ರಲ್ಲಿ ತಮ್ಮನಾದ ನಾಲ್ಕನೆಯ ಗೋವಿಂದ, ಕನ್ನಡದ ಗೊಜ್ಜಿಗ, ಪಟ್ಟವೇರಿದನು. ಖಂಭಾತ ಮತ್ತು ಸಾಂಗಲಿಗಳಲ್ಲಿ ದೊರೆತ ಅವನ ತಾಮ್ರಪಟಗಳು ಅವನ ದಾನಶೀಲತೆಯನ್ನು ಬಾಯ್ತುಂಬ ಹೊಗಳುತ್ತವೆ. ಆದರೆ ಅವುಗಳಲ್ಲಿಯೇ ಒಂದು ವಿಚಿತ್ರವಾದ ಶ್ಲೋಕವಿದೆ: ಶಕ್ತಿಯಿದ್ದರೂ ಅವನು ಅಣ್ಣನ ವಿಷಯದಲ್ಲಿ ಕ್ರೌರ್ಯ ತೋರಲಿಲ್ಲವೆಂದೂ, ದುರ್ನಡತೆಯಿಂದ ಅಪಕೀರ್ತಿಗೆ ಗುರಿಯಾಗಲಿಲ್ಲವೆಂದೂ ಅದು ಸಾರುತ್ತದೆ. ಯಾರೂ ಹೊರಿಸದ ಆರೋಪವನ್ನು ಪ್ರಶಸ್ತಿಕಾರನು ನಿರಾಕರಿಸುವುದುಂಟೆ? ಜನರ ಬಾಯಲ್ಲಿ ಆ ಮಾತು ಆಡುತ್ತಿದ್ದಿತೆಂಬುದಕ್ಕೆ ಈ ಶ್ಲೋಕವೇ ಸಾಕ್ಷಿ. ಅಣ್ಣನ ಸಾವಿನಲ್ಲಿ ಗೊಜ್ಜಿಗನ ಕೈವಾಡ ಇದ್ದಿತೇ ಎಂಬುದನ್ನು ಇಂದು ನಿರ್ಣಯಿಸಲಾಗದು. ಸಾಮಂತರು ಅವನನ್ನು ಸಂಶಯದಿಂದ ನೋಡುತ್ತಿದ್ದರೆಂಬುದು ನಿಶ್ಚಿತ.

ಪೂರ್ವದಲ್ಲಿಯೂ ಅವನಿಗೆ ಸೋಲಾಯಿತು. ವೇಂಗಿಯ ಸಿಂಹಾಸನಕ್ಕಾಗಿ ಚಾಲುಕ್ಯ ದಾಯಾದಿಗಳು ಹೊಡೆದಾಡುತ್ತಿದ್ದಾಗ ರಾಷ್ಟ್ರಕೂಟರು ತಮಗೆ ಬೇಕಾದವರನ್ನು ಎತ್ತಿ ಹಿಡಿದಿದ್ದರು. 934ರ ಸುಮಾರಿಗೆ ಇಮ್ಮಡಿ ಭೀಮನು ಗೋವಿಂದನು ಕಳುಹಿದ ಸೇನೆಯನ್ನು ಸೋಲಿಸಿ ವೇಂಗಿಯಲ್ಲಿ ನೆಲೆಯೂರಿದನು. ಇಂಥ ದಿನಗಳಲ್ಲಿ ಚಾಲುಕ್ಯ ಕುಲದ ವಿಜಯಾದಿತ್ಯ ಅಥವಾ ಬಿಜ್ಜಯನೆಂಬುವನು ಚಕ್ರವರ್ತಿಯ ಕೋಪಕ್ಕೆ ಪಾತ್ರನಾಗಿ ಅರಿಕೇಸರಿಯ ಮರೆಹೊಕ್ಕನು. ಇವನು ಪೂರ್ವದ ಚಾಲುಕ್ಯರ ಕಡೆಯವನಿರಬೇಕೆಂದು ಹಲವರು ತರ್ಕಿಸಿದ್ದಾರೆ. ಅವನನ್ನು ಒಪ್ಪಿಸಿಬಿಟ್ಟಿದ್ದರೆ ಅರಿಕೇಸರಿಗೆ ಯಾವ ತೊಂದರೆಯೂ ಇರಲಿಲ್ಲ. ಕೇಳುತ್ತಿದ್ದವನು ಒಡೆಯ, ಮೇಲಾಗಿ ಹೆಂಡತಿಯ ಒಡಹುಟ್ಟಿದವನು. ಐದಾರು ತಲೆಮಾರುಗಳಿಂದ ತನ್ನ ಹಿರಿಯರು ಉಂಡ ಅನ್ನದ ಋಣ ಆ ಕಡೆಗಿದ್ದಿತು. ಈ ಕಡೆಗಿದ್ದದ್ದು ಮನೆಬಾಗಿಲಿಗೆ ಬಂದು ನಿಂತ ಒಬ್ಬನೇ ಒಬ್ಬ ಮನುಷ್ಯ.

ಅರಿಕೇಸರಿಯು ಬಿಜ್ಜಯನನ್ನು ಬೆನ್ನಿಗಿಕ್ಕಿಕೊಂಡು ಕಾದನು. ಇದು ಅವನ ಜೀವನದ ತಿರುಗುಬಿಂದು. ಅವನ ಹೆಸರು ಇಂದಿಗೂ ಉಳಿದಿರುವುದಕ್ಕೆ ಇದೇ ಮೊದಲ ಕಾರಣವೆಂದರೂ ತಪ್ಪಾಗದು. ಗೊಜ್ಜಿಗನ ಅಪ್ಪಣೆಯ ಮೇರೆಗೆ ಮಹಾಸಾಮಂತರು ದಂಡು ಕಟ್ಟಿಕೊಂಡು ಬಂದರು. ಅವರನ್ನು ಅವನು ಹಿಮ್ಮೆಟ್ಟಿಸಿದನು. ಕಕ್ಕಲನ ತಮ್ಮನಾದ ಬಪ್ಪುವನೆಂಬ ವೀರನನ್ನು ಒಂದೇ ಆನೆಯಿಂದ ಎದುರಿಸಿ ಗೆದ್ದನೆಂದು ಪಂಪನು ಹೇಳಿದ್ದಾನೆ. ಈ ಕಾಳಗಗಳು ನಡೆದ ಸ್ಥಳಗಳನ್ನು ಕವಿ ಹೆಸರಿಸುವುದಿಲ್ಲ. ಅವನ ಶ್ರೋತೃಗಳಿಗೆ ಅವು ನಿನ್ನೆಮೊನ್ನೆಯ ಸುದ್ದಿಗಳಾಗಿದ್ದುದರಿಂದ ಹೇಳುವ ಅಗತ್ಯವೂ ಇರಲಿಲ್ಲ.

ಒಡೆಯನ ಮೇಲೆ ಖಡ್ಗವೆತ್ತಿದ ಸಾಮಂತನಿಗೆ ಎರಡೇ ದಾರಿಗಳು: ತಾನೇ ನಾಶವಾಗಬೇಕು, ಇಲ್ಲವೆ ಒಡೆಯನನ್ನು ಬದಲಿಸಬೇಕು. ಅರಿಕೇಸರಿ ಎರಡನೆಯದನ್ನು ಆರಿಸಿಕೊಂಡನು. ಇಂದ್ರನ ಮಲಸಹೋದರನೂ ಗೊಜ್ಜಿಗನ ಚಿಕ್ಕಪ್ಪನೂ ಆದ ಬದ್ದೆಗನೆಂಬ ರಾಜಕುಮಾರನು ಆಗ ತ್ರಿಪುರಿಯ ಕಳಚುರಿಗಳ ಆಶ್ರಯದಲ್ಲಿದ್ದನು. ಅಲ್ಲಿಯ ಒಂದನೆಯ ಯುವರಾಜನ ಮಗಳು ಕುಂದಕದೇವಿಯನ್ನು ಅವನು ಮದುವೆಯಾಗಿದ್ದನು. ವಯಸ್ಸಾದವನು, ಶಾಂತಸ್ವಭಾವದವನು, ಅವನ ಮಗ ಕೃಷ್ಣನಾದರೋ ಪರಾಕ್ರಮಿ. ಈ ಬದ್ದೆಗನು ಅರಿಕೇಸರಿಯನ್ನೇ ನಂಬಿ ಬಂದನು. ಅರಿಕೇಸರಿಯು ಚಕ್ರವರ್ತಿಯನ್ನು ಕೆಡಿಸಿ ಸಾಮ್ರಾಜ್ಯವನ್ನು ಅವನಿಗೆ ಕೊಡಿಸಿದನು. 936ರ ಸುಮಾರಿಗೆ ಬದ್ದೆಗನು ಮೂರನೆಯ ಅಮೋಘವರ್ಷನೆಂಬ ಹೆಸರಿನಿಂದ ಮಾನ್ಯಖೇಟದಲ್ಲಿ ಪಟ್ಟಾಭಿಷಿಕ್ತನಾದನು. ತ್ರಿಪುರಿಗೂ ಮಾನ್ಯಖೇಟಕ್ಕೂ ನಡುವೆ ಹಬ್ಬಿರುವುದು ವಿದರ್ಭ. ಕೃಷ್ಣನು ಪಟ್ಟಕ್ಕೆ ಬಂದ ಮರುವರ್ಷವೇ ನಂದಿವರ್ಧನದ ಸೀಮೆಯಲ್ಲಿ ದತ್ತಿ ಬಿಟ್ಟುದನ್ನೂ, ಮೈಹರ್ ಸೀಮೆಯ ಜುರಾದಲ್ಲಿ ಅವನ ಕನ್ನಡ ಶಾಸನ ದೊರೆತುದನ್ನೂ ಗಮನಿಸಿದರೆ ಉತ್ತರದ ಈ ಪ್ರದೇಶಗಳೊಡನೆ ಆ ತಂದೆಮಕ್ಕಳಿಗಿದ್ದ ಪರಿಚಯ ಮನವರಿಕೆಯಾಗುತ್ತದೆ.

ಇಲ್ಲಿ ಒಂದು ಹೋಲಿಕೆಯನ್ನು ಹೇಳದೆ ಬಿಡುವಂತಿಲ್ಲ. ಅದೇ 936ರಲ್ಲಿ, ವೇಮುಲವಾಡದ ಹೆಸರನ್ನೇ ಕೇಳದಿದ್ದ ಫ್ರಾನ್ಸ್ ದೇಶದಲ್ಲಿ, ಪ್ಯಾರಿಸ್ಸಿನ ಕೌಂಟ್ ಆಗಿದ್ದ ಮಹಾ ಹ್ಯೂ ಎಂಬ ಸಾಮಂತನು ಇಂಗ್ಲೆಂಡಿನಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆದಿದ್ದ ರಾಜಕುಮಾರ ಲೂಯಿಯನ್ನು ಕಡಲಾಚೆಯಿಂದ ಕರೆತರಿಸಿ ಸಿಂಹಾಸನದ ಮೇಲೆ ಕೂರಿಸಿದನು. ಆ ನಾಡಿನ ಕೌಂಟರು ನಮ್ಮ ಮಹಾಸಾಮಂತರಂತೆಯೇ ತಮ್ಮ ಸೀಮೆಯಲ್ಲಿ ಅರಸರು, ಸಿಂಹಾಸನದ ಮುಂದೆ ಸೇವಕರು. ಹ್ಯೂ ತಾನೇ ರಾಜನಾಗಬಹುದಾಗಿದ್ದರೂ ಆಗಲಿಲ್ಲ; ಅರಿಕೇಸರಿಯೂ ಅಷ್ಟೆ. ಆದರೆ ಹ್ಯೂನ ಮಗ 987ರಲ್ಲಿ ಫ್ರಾನ್ಸಿನ ದೊರೆಯಾಗಿ ಹೊಸ ರಾಜವಂಶವನ್ನು ಸ್ಥಾಪಿಸಿದನು. ಅರಿಕೇಸರಿಯ ಮಕ್ಕಳಿಗೆ ಆ ಯೋಗ ಒದಗಲಿಲ್ಲ. ಅವನಿಗೆ ಒದಗಿದುದು ಪಂಪ.

ಪಂಪನ ಪೂರ್ವಿಕರು ವೇಂಗಿನಾಡಿನವರು. ತಂದೆ ಭೀಮಪಯ್ಯನ ಕಾಲಕ್ಕೆ ಈ ಬ್ರಾಹ್ಮಣ ಕುಟುಂಬ ಜೈನಧರ್ಮವನ್ನು ಸ್ವೀಕರಿಸಿದ್ದಿತು. 902ರಲ್ಲಿ ಜನಿಸಿದ ಪಂಪನು ಅರಿಕೇಸರಿಯ ಆಸ್ಥಾನಕ್ಕೆ ಬಂದುದು ಯಾವಾಗ ಎಂಬುದಕ್ಕೆ ಖಚಿತ ಆಧಾರವಿಲ್ಲದಿದ್ದರೂ, 941ರಲ್ಲಿ ಆದಿಪುರಾಣವನ್ನು ಮುಗಿಸಿದಾಗ ಅವನು ಪ್ರೌಢ ವಯಸ್ಸಿನವನಾಗಿದ್ದನು. ಆಗಮಿಕವಾದ ಆ ಕೃತಿ ಮೂರು ತಿಂಗಳಲ್ಲಿಯೂ, ಲೌಕಿಕವಾದ ಭಾರತ ಆರು ತಿಂಗಳಲ್ಲಿಯೂ ಸಿದ್ಧವಾದವೆಂದು ಅವನೇ ತಿಳಿಸಿದ್ದಾನೆ. ಅರಿಕೇಸರಿಯು ಕಲಿಯೂ ಹೌದು, ಕಲೆಯ ಮರ್ಮಜ್ಞನೂ ಹೌದು. ಅವನ ಚರಿತೆಯನ್ನು ಭಾರತದೊಡನೆ ಹೊಂದಿಸಿ ಹೇಳಬೇಕೆಂದು ಪಂಡಿತರೇ ಒತ್ತಾಯಿಸಿದರೆಂದು ಕವಿ ಹೇಳಿಕೊಳ್ಳುತ್ತಾನೆ.

ಹೀಗೆ ಅರಿಕೇಸರಿಯು ಅರ್ಜುನನಾದನು. ಉದಾತ್ತನಾರಾಯಣ, ಗುಣಾರ್ಣವ, ಸಹಜಮನೋಜ, ಪ್ರಿಯಗಳ್ಳ, ಅಮ್ಮನ ಗಂಧವಾರಣ ಮುಂತಾದ ಅವನ ಬಿರುದುಗಳು ಕಾವ್ಯದುದ್ದಕ್ಕೂ ಪಾಂಡವ ಮಧ್ಯಮನಿಗೆ ಸಂದವು. ದ್ರೌಪದಿ ಐವರ ಹೆಂಡತಿಯಾಗದೆ ಅರ್ಜುನನೊಬ್ಬನ ಹೆಂಡತಿಯಾದಳು. ಕೊನೆಯಲ್ಲಿ ಧರ್ಮರಾಯನ ಬದಲು ಅರ್ಜುನನಿಗೇ ಸುಭದ್ರೆಯೊಡನೆ ಪಟ್ಟಾಭಿಷೇಕವಾಯಿತು. ಈ ಮಾರ್ಪಾಡುಗಳಿಂದ ಉಂಟಾದ ತೊಡಕುಗಳನ್ನು ವಿಮರ್ಶಕರು ಬೇಕಾದಷ್ಟು ಚರ್ಚಿಸಿದ್ದಾರೆ. ಸಭಾಪರ್ವದ ಅವಮಾನಕ್ಕೆ ಭೀಮನು ಪ್ರತಿಜ್ಞೆ ತೊಡುವುದು ಭಾವ-ನಾದಿನಿಯರ ಸಂಬಂಧದ ಹೊಸ ಲೆಕ್ಕಾಚಾರದಲ್ಲಿ ಅಷ್ಟಾಗಿ ಹೊಂದುವುದಿಲ್ಲವೆಂಬ ಆಕ್ಷೇಪ ನಿರಾಧಾರವಾದುದಲ್ಲ. ಆದರೆ ಅರಿಕೇಸರಿಯ ಜೀವನದ ದೃಷ್ಟಿಯಿಂದ ನೋಡಿದಾಗ ಈ ಪಟ್ಟಾಭಿಷೇಕಕ್ಕೆ ಬೇರೊಂದು ಅರ್ಥ ಹೊಳೆಯುತ್ತದೆ. ನಿಜಜೀವನದಲ್ಲಿ ಅವನು ಒಬ್ಬನನ್ನು ಕೆಳಗಿಳಿಸಿ ಮತ್ತೊಬ್ಬನನ್ನು ಮೇಲಕ್ಕೇರಿಸಿದನು. ತಾನು ಮಾತ್ರ ಸಾಮಂತಚೂಡಾಮಣಿಯೆಂಬ ಬಿರುದಿನಲ್ಲಿಯೇ ಉಳಿದನು. ಎಷ್ಟು ಹೊಳೆದರೂ ಆ ಚೂಡಾಮಣಿ ಸಾಮಂತರ ನಡುವಣ ಮಣಿ. ಮಾನ್ಯಖೇಟದಲ್ಲಿ ದೊರೆಯದ ಸಿಂಹಾಸನವನ್ನು ಕವಿಯು ಹಸ್ತಿನಾವತಿಯಲ್ಲಿ ಕೊಡಿಸಿದನು.

ಕರ್ಣನ ವಿಷಯದಲ್ಲಿ ಪಂಪನು ತೋರಿದ ಪಕ್ಷಪಾತವನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಕಥಾನಾಯಕನ ಕಡುವೈರಿಯನ್ನು, ಒಡೆಯನ ಅನ್ನದ ಋಣಕ್ಕಾಗಿ ಒಡಹುಟ್ಟಿದವರನ್ನೂ ಬಿಟ್ಟು ಪ್ರಾಣವನ್ನೇ ತೆತ್ತವನನ್ನು, ಕಣ್ಣೀರು ಬರುವಂತೆ ಚಿತ್ರಿಸಿ ಅವನು ತನ್ನ ಅರಸನ ಮುಂದೆ ಓದಿದನು. ಆ ಅರಸನೋ ಒಡೆಯನ ವಿರುದ್ಧವೇ ಹೋರಾಡಿ ಗೆದ್ದವನು. ಅರಿಕೇಸರಿಯು ಅದನ್ನು ಕೇಳಿ ಮುನಿಯಲಿಲ್ಲವೆಂಬುದಕ್ಕೆ ಅವನಿತ್ತ ದಾನವೇ ಪ್ರಮಾಣ. ಬಚ್ಚೆಸಾಸಿರದ ಧರ್ಮವುರವೆಂಬ ಅಗ್ರಹಾರವನ್ನು ಅವನು ಪಂಪನಿಗೆ ಶಾಸನಬದ್ಧವಾಗಿ ಕೊಟ್ಟನು.

ಈ ದಾನದ ಮಾತು ಬಹುಕಾಲ ಕಾವ್ಯದ ಆಧಾರದ ಮೇಲೆ ಮಾತ್ರ ನಿಂತಿದ್ದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿಯ ಬೊಮ್ಮಲಗುಟ್ಟದ ಶಾಸನ ವಿದ್ವಾಂಸರ ಗಮನಕ್ಕೆ ಬಂದಾಗ ಪರಿಸ್ಥಿತಿ ಬದಲಾಯಿತು. ಬಂಡೆಯ ಮೇಲೆ ಜಿನಬಿಂಬಗಳನ್ನೂ ಚಕ್ರೇಶ್ವರಿಯ ಮೂರ್ತಿಯನ್ನೂ ಕೊರೆಯಿಸಿ, ಅವುಗಳ ಕೆಳಗೆ ಸಂಸ್ಕೃತ, ಕನ್ನಡ ಮತ್ತು ತೆಲುಗು ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ಅಣ್ಣನಿಗೆ ಅರಿಕೇಸರಿಯಿಂದ ಅಗ್ರಹಾರ ದೊರೆತುದನ್ನು ಆ ಶಾಸನ ದೃಢಪಡಿಸುತ್ತದೆ. ಮನೆತನದ ವಿವರಗಳನ್ನು, ತಾಯಿ ಅಬ್ಬಣಬ್ಬೆಯ ಹೆಸರನ್ನು ತಿಳಿಸುತ್ತದೆ. ಜಿನವಲ್ಲಭನು ಕಟ್ಟಿಸಿದ ತ್ರಿಭುವನತಿಲಕ ಬಸದಿ, ಅಣ್ಣನ ಬಿರುದಿನಿಂದ ಹೆಸರಾದ ಕವಿತಾಗುಣಾರ್ಣವ ಕೆರೆ, ಮದನವಿಲಾಸವೆಂಬ ತೋಟಗಳನ್ನು ಹೆಸರಿಸುತ್ತದೆ. ಅದರಲ್ಲಿರುವ ತೆಲುಗು ಕಂದಪದ್ಯಗಳು ಆ ಭಾಷೆಯ ಛಂದಸ್ಸಿನ ಇತಿಹಾಸದಲ್ಲಿ ಬಹು ಹಳೆಯವು. ಒಂದು ಸಾಮಂತ ಸಂಸ್ಥಾನದ ಬಂಡೆಗಲ್ಲು ಎರಡು ಭಾಷೆಗಳ ಸಾಹಿತ್ಯಚರಿತ್ರೆಗೆ ಹೀಗೆ ಆಧಾರವಾಗಿರುವುದು ಉಲ್ಲೇಖಾರ್ಹ.

ಅರಿಕೇಸರಿಯ ಕೊನೆಯ ವರ್ಷಗಳು ಶಾಂತವಾಗಿ ಕಳೆದಂತೆ ತೋರುತ್ತದೆ. ಅಮೋಘವರ್ಷನು 939ರಲ್ಲಿ ತೀರಿಕೊಂಡು ಮೂರನೆಯ ಕೃಷ್ಣನು ಚಕ್ರವರ್ತಿಯಾದನು; ಚೋಳರನ್ನು ತಕ್ಕೋಲದಲ್ಲಿ ಗೆದ್ದು ರಾಮೇಶ್ವರದವರೆಗೆ ದಂಡು ನಡೆಸಿದನು. ಆ ದಿಗ್ವಿಜಯಗಳಲ್ಲಿ ಮೆರೆದ ಸಾಮಂತ ಗಂಗ ಬೂತುಗ. ವೇಮುಲವಾಡದವರ ಹೆಸರು ಅಲ್ಲಿ ಕೇಳಿಬರುವುದಿಲ್ಲ. ಸಿಂಹಾಸನವನ್ನು ಕೊಡಿಸಬಲ್ಲವನು ಕಿತ್ತುಕೊಳ್ಳಲೂ ಬಲ್ಲನೆಂಬುದು ಕೃಷ್ಣನಂಥ ಚತುರನಿಗೆ ಹೊಳೆಯದೆ ಇರಲಾರದು.

ಅರಿಕೇಸರಿಯ ತರುವಾಯ ಮಗ ವಾಗರಾಜನು ಅಧಿಕಾರಕ್ಕೆ ಬಂದನು. 959ರಲ್ಲಿ ಅವನ ಆಶ್ರಯದಲ್ಲಿ ಗಂಗಧಾರೆಯೆಂಬಲ್ಲಿ ಸೋಮದೇವಸೂರಿಯು ಯಶಸ್ತಿಲಕಚಂಪುವನ್ನು ಪೂರ್ಣಗೊಳಿಸಿದನು. ರಾಜನೀತಿಯನ್ನು ಕುರಿತ ನೀತಿವಾಕ್ಯಾಮೃತವೂ ಇವನದೇ. ತಂದೆಯ ಕಾಲದಲ್ಲಿ ಕನ್ನಡದ ಆದಿಕವಿ, ಮಗನ ಕಾಲದಲ್ಲಿ ಸಂಸ್ಕೃತದ ದೊಡ್ಡ ಗದ್ಯಕಾರ. ಇಷ್ಟು ಚಿಕ್ಕ ಸಂಸ್ಥಾನಕ್ಕೆ ಇಂಥ ಭಾಗ್ಯ ಅಪರೂಪ. ಆದರೆ ಸೋಮದೇವನು ವಾಗರಾಜನನ್ನು ಕೃಷ್ಣರಾಜನ ಪಾದಪದ್ಮೋಪಜೀವಿಯೆಂದೇ ಪರಿಚಯಿಸುತ್ತಾನೆ. ಮತ್ತೊಬ್ಬ ಮಗ ಎರಡನೆಯ ಬದ್ದೆಗನು ರಾಜಧಾನಿಯಲ್ಲಿ ಶುಭಧಾಮ ಜಿನಾಲಯವನ್ನು ಕಟ್ಟಿಸಿದನು. ಆ ಬಸದಿಯ ಜೀರ್ಣೋದ್ಧಾರ ಮತ್ತು ಪೂಜೆಗಾಗಿ ಅವನ ಮಗ ಮೂರನೆಯ ಅರಿಕೇಸರಿಯು ಶಕ 888ರಲ್ಲಿ, ಎಂದರೆ 966ರಲ್ಲಿ, ಸಬ್ಬಿನಾಡಿನ ಗ್ರಾಮವೊಂದನ್ನು ಸೋಮದೇವಸೂರಿಗೆ ಕೊಟ್ಟನು. ಈ ದಾನದ ತಾಮ್ರಪಟಗಳು ಮಹಾರಾಷ್ಟ್ರದ ಪರಭಣಿಯಲ್ಲಿ ದೊರೆತಿವೆ. ಮನೆತನದ ವಂಶಾವಳಿಯನ್ನು ಕಡೆಯವರೆಗೂ ತಿಳಿಸುವುದು ಅವೇ.

973ರಲ್ಲಿ ಚಾಲುಕ್ಯ ಕುಲದ ಇನ್ನೊಬ್ಬ ಸಾಮಂತ ತೈಲಪನು ರಾಷ್ಟ್ರಕೂಟ ಸಾಮ್ರಾಜ್ಯವನ್ನು ಉರುಳಿಸಿ ತಾನೇ ಸಿಂಹಾಸನವನ್ನೇರಿದನು. ಅವನ ವಂಶದ ಆರನೆಯ ವಿಕ್ರಮಾದಿತ್ಯನ ಹೆಸರನ್ನು ಹೊತ್ತ, ಸೀತಾಬರ್ಡಿ ಶಾಸನವೆಂದು ಪ್ರಸಿದ್ಧವಾದ 1087ರ ಶಾಸನವೊಂದು ನಾಗಪುರದಲ್ಲಿದೆ. ದನಗಳ ಮೇವಿಗಾಗಿ ನೆಲ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಅದರಲ್ಲಿ ಬರುವ ಸಾಮಂತ ಧಾಡಿಭಂಡಕನು ಲತ್ತಲೂರಿನಿಂದ ಬಂದ ರಾಷ್ಟ್ರಕೂಟ ಕುಲದವನು. ರಾಷ್ಟ್ರಕೂಟರ ಕೈಕೆಳಗೆ ಚಾಲುಕ್ಯರು ದುಡಿದ ಕಾಲ ಹೋಗಿ, ಚಾಲುಕ್ಯರ ಕೈಕೆಳಗೆ ರಾಷ್ಟ್ರಕೂಟರು ದುಡಿಯುವ ಕಾಲ ಬಂದಿದ್ದಿತು. ವೇಮುಲವಾಡದ ಮನೆತನದವರ ಶಾಸನ ಮಾತ್ರ 966ರ ಈಚೆಗೆ ಒಂದೂ ದೊರೆತಿಲ್ಲ.